ಅಮೂರ್ತ ತರ್ಕಶಕ್ತಿ: ಅಳತೆ, ಕಲಿಕೆ ಮತ್ತು ವೃತ್ತಿ



ಶಿಕ್ಷಕರು, ಮನೋವಿಜ್ಞಾನಿಗಳು ಮತ್ತು ವೃತ್ತಿ ಮಾರ್ಗದರ್ಶಕರು ಒಟ್ಟಾಗಿ ಸೇರಿರುವ ಈ ಸಮ್ಮೇಳನವು ಚರ್ಚೆಗೆ ಎತ್ತಿಕೊಂಡಿರುವ ವಿಷಯಕ್ಕೂ ನಾಡಿನ ಲಕ್ಷಾಂತರ ಮಕ್ಕಳ ಭವಿಷ್ಯಕ್ಕೂ ನೇರ ಸಂಬಂಧವಿದೆ. ಎಂಟನೆಯ ತರಗತಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಬೌದ್ಧಿಕ ಸಾಮರ್ಥ್ಯ ಪರೀಕ್ಷೆಯಿಂದ ಹಿಡಿದು ಬ್ಯಾಂಕ್ ನೇಮಕಾತಿಯ ತಾರ್ಕಿಕ ಪ್ರಶ್ನೆಗಳವರೆಗೆ, ಬೇರೆ ಬೇರೆ ಹೆಸರಿನಲ್ಲಿ ಅಳೆಯಲಾಗುತ್ತಿರುವುದು ಬಹುಮಟ್ಟಿಗೆ ಅಮೂರ್ತ ತರ್ಕಶಕ್ತಿಯನ್ನೇ. ವಸ್ತುಗಳ ಹೊರರೂಪವನ್ನು ಬದಿಗಿರಿಸಿ ಅವುಗಳ ನಡುವಿನ ಸಂಬಂಧವನ್ನು ಗುರುತಿಸುವ, ಆ ಸಂಬಂಧದಿಂದ ನಿಯಮವೊಂದನ್ನು ರೂಪಿಸುವ ಮತ್ತು ಅದನ್ನು ಹಿಂದೆ ಕಂಡಿರದ ಸಂದರ್ಭಕ್ಕೆ ಅನ್ವಯಿಸುವ ಸಾಮರ್ಥ್ಯಕ್ಕೆ ಈ ಹೆಸರಿದೆ. 2, 6, 18 ಆದ ಮೇಲೆ 54 ಬರಬೇಕೆಂದು ಹೇಳುವ ಬಾಲಕಿಯು ಪ್ರತಿಯೊಂದು ಸಂಖ್ಯೆಯೂ ತನ್ನ ಹಿಂದಿನದರ ಮೂರರಷ್ಟಿದೆ ಎಂಬ ನಿಯಮವನ್ನು ತಾನೇ ಕಂಡುಕೊಂಡಿರುತ್ತಾಳೆ.

ಈ ಸಾಮರ್ಥ್ಯದ ಅಧ್ಯಯನದಲ್ಲಿ ಕನ್ನಡ ನಾಡಿಗೂ ಹಳೆಯ ಪಾಲಿದೆ. ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ, ಒಂದು ವಿಷಯದಲ್ಲಿ ಮುಂದಿರುವ ಮಕ್ಕಳು ಸಾಮಾನ್ಯವಾಗಿ ಉಳಿದ ವಿಷಯಗಳಲ್ಲಿಯೂ ಮುಂದಿರುವುದನ್ನು ಆಧರಿಸಿ, ಎಲ್ಲ ಬೌದ್ಧಿಕ ಕಾರ್ಯಗಳಿಗೂ ಸಮಾನವಾದ ‘ಸಾಮಾನ್ಯ ಬುದ್ಧಿಶಕ್ತಿ’ ಎಂಬ ಅಂಶವನ್ನು ಪ್ರತಿಪಾದಿಸಿದರು. ಅವರ ಬಳಿ ತರಬೇತಿ ಪಡೆದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಆರಂಭವಾದ ಮನೋವಿಜ್ಞಾನ ವಿಭಾಗವನ್ನು ಮುನ್ನಡೆಸಿದರು. ಫ್ರಾನ್ಸಿನ ಬಿನೆಯವರ ಬುದ್ಧಿಶಕ್ತಿ ಪರೀಕ್ಷೆಯನ್ನು ವಿ.ವಿ. ಕಾಮತರು ಕನ್ನಡ ಹಾಗೂ ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದ ಪರಿಷ್ಕರಣೆಯಿಂದ ಬಿನೆ–ಕಾಮತ್ ಪರೀಕ್ಷೆ ರೂಪುಗೊಂಡಿತು. ಇದಾದ ನಾಲ್ಕು ವರ್ಷಗಳಿಗೆ, ಅಂದರೆ 1938ರಲ್ಲಿ, ಜಾನ್ ರೇವನ್ ಅವರ ‘ಪ್ರೊಗ್ರೆಸಿವ್ ಮೇಟ್ರಿಸಸ್’ ಹೊರಬಂದಿತು. ಸಾಲುಗಳಲ್ಲಿ ಜೋಡಿಸಿದ ಆಕೃತಿಗಳಲ್ಲಿ ಬಿಟ್ಟುಹೋಗಿರುವುದನ್ನು ಗುರುತಿಸುವ ಈ ಪರೀಕ್ಷೆಗೆ ಭಾಷೆಯ ಹಂಗಿಲ್ಲದ ಕಾರಣ, ಅದು ಶಿಕ್ಷಣ ಮತ್ತು ಸಂಸ್ಕೃತಿಗಳ ಪ್ರಭಾವಕ್ಕೂ ಹೊರತಾದುದೆಂಬ ನಿರೀಕ್ಷೆ ಹಲವರಲ್ಲಿ ಬೆಳೆಯಿತು.

ಆ ನಿರೀಕ್ಷೆಯನ್ನು ಜೇಮ್ಸ್ ಫ್ಲಿನ್ ಅವರ ಅಧ್ಯಯನಗಳು ಅಲುಗಾಡಿಸಿದವು. 14 ದೇಶಗಳ ದಾಖಲೆಗಳನ್ನು ಪರಿಶೀಲಿಸಿ 1987ರಲ್ಲಿ ಅವರು ತೋರಿಸಿದಂತೆ, ಬುದ್ಧಿಶಕ್ತಿ ಪರೀಕ್ಷೆಗಳ ಅಂಕಗಳು ಪೀಳಿಗೆಯಿಂದ ಪೀಳಿಗೆಗೆ ಏರಿದ್ದವು. ನೆದರ್ಲೆಂಡ್ಸಿನ ಸೇನೆಗೆ ಬಂದ ಯುವಕರ ಅಂಕಗಳು 1952ರಿಂದ 1982ರ ನಡುವೆ ಸುಮಾರು 20ರಷ್ಟು ಹೆಚ್ಚಿದ್ದವು, ಮತ್ತು ಏರಿಕೆ ಎದ್ದುಕಂಡದ್ದು ರೇವನ್ ಮಾದರಿಯ ಅಮೂರ್ತ ಪ್ರಶ್ನೆಗಳಲ್ಲಿಯೇ. ಮೂವತ್ತು ವರ್ಷಗಳಲ್ಲಿ ಒಂದು ಜನಾಂಗದ ಅನುವಂಶೀಯತೆ ಅಷ್ಟು ಬದಲಾಗಲಾರದಾದುದರಿಂದ, ಬದಲಾದದ್ದು ಶಾಲೆ, ಕೆಲಸ ಮತ್ತು ಬದುಕಿನ ರೀತಿ ಎಂದೇ ತಿಳಿಯಬೇಕಾಗುತ್ತದೆ. ರಷ್ಯದ ಅಲೆಕ್ಸಾಂಡರ್ ಲೂರಿಯಾ 1931–32ರಲ್ಲಿ ಉಜ್ಬೇಕಿಸ್ತಾನದಲ್ಲಿ ನಡೆಸಿದ ಕ್ಷೇತ್ರಕಾರ್ಯವೂ ಇದೇ ದಿಕ್ಕಿಗೆ ಬೆರಳು ಮಾಡುತ್ತದೆ. ಹಿಮ ಬೀಳುವ ದೂರದ ಉತ್ತರದಲ್ಲಿ ಕರಡಿಗಳೆಲ್ಲ ಬಿಳಿಯವು, ನೊವಾಯಾ ಜೆಮ್ಲ್ಯಾ ದೂರದ ಉತ್ತರದಲ್ಲಿದೆ, ಹಾಗಾದರೆ ಅಲ್ಲಿನ ಕರಡಿಗಳ ಬಣ್ಣ ಯಾವುದು ಎಂದು ಕೇಳಿದಾಗ, ಶಾಲೆಯ ಮುಖ ಕಾಣದ ರೈತರು ತಾವು ನೋಡದ ಊರಿನ ಬಗ್ಗೆ ಹೇಳಲೊಪ್ಪದೆ, ನೋಡಿ ಬಂದವರನ್ನು ಕೇಳುವಂತೆ ಸೂಚಿಸಿದರು; ಅಲ್ಪಕಾಲ ಓದು ಕಲಿತವರು ಸುಲಭವಾಗಿ ಉತ್ತರಿಸಿದರು. ಕಂಡದ್ದನ್ನಷ್ಟೇ ಹೇಳುವ ರೈತನ ನಿಲುವಿನಲ್ಲಿ ವಿವೇಕದ ಕೊರತೆಯಿರಲಿಲ್ಲ. ಕೊಟ್ಟ ಹೇಳಿಕೆಯನ್ನು ಸದ್ಯಕ್ಕೆ ನಿಜವೆಂದಿಟ್ಟುಕೊಂಡು ಮುಂದುವರಿಯುವ ರೂಢಿಯನ್ನು ಅವನಿಗೆ ಯಾರೂ ಮಾಡಿಸಿರಲಿಲ್ಲ.

ಕಲಿಸಿದ್ದು ಹೊಸ ಸಂದರ್ಭದಲ್ಲಿ ಕೈಗೂಡುವುದನ್ನು ಶಿಕ್ಷಣಶಾಸ್ತ್ರವು ಕಲಿಕೆಯ ವರ್ಗಾವಣೆ ಎಂದು ಕರೆಯುತ್ತದೆ. ಅದು ತಾನಾಗಿ ಆಗುವುದು ವಿರಳ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ ಮತ್ತು ದೆಹಲಿಗಳಲ್ಲಿ ನಡೆಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂತೆಯ ವ್ಯಾಪಾರದಲ್ಲಿ ತೊಡಗಿದ ಮಕ್ಕಳು ಬೆಲೆ ಮತ್ತು ಚಿಲ್ಲರೆಯ ಜಟಿಲ ಲೆಕ್ಕಗಳನ್ನು ಬಾಯಲ್ಲೇ ಮಾಡಿ ಮುಗಿಸಿದರೂ ಪಠ್ಯಪುಸ್ತಕದ ರೀತಿಯಲ್ಲಿ ಬರೆದ ಲೆಕ್ಕಗಳಲ್ಲಿ ಎಡವಿದರು. ವ್ಯಾಪಾರದ ಅನುಭವವಿಲ್ಲದ ಶಾಲಾ ಮಕ್ಕಳ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ವರ್ಗಾವಣೆಯ ಈ ಕೊರತೆಗೆ ಪರಿಹಾರದ ಸುಳಿವು ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ ಅವರ 1980 ಮತ್ತು 1983ರ ಪ್ರಯೋಗಗಳಲ್ಲಿ ದೊರೆಯುತ್ತದೆ. ಕೋಟೆಯನ್ನು ಹಿಡಿಯಲು ಸೇನೆಯನ್ನು ಹಲವು ದಾರಿಗಳಲ್ಲಿ ಹಂಚಿ ಏಕಕಾಲಕ್ಕೆ ಒಂದೆಡೆ ಸೇರಿಸಿದ ಸೇನಾಪತಿಯ ಕಥೆಯನ್ನು ಓದಿದವರಲ್ಲಿ ಹೆಚ್ಚಿನವರಿಗೆ, ಗೆಡ್ಡೆಯನ್ನು ನಾಶಮಾಡಲು ಸೌಮ್ಯ ಕಿರಣಗಳನ್ನು ಹಲವು ದಿಕ್ಕುಗಳಿಂದ ಒಂದೇ ಬಿಂದುವಿಗೆ ಹಾಯಿಸಬೇಕೆಂಬ ಉಪಾಯ ಹೊಳೆಯಲಿಲ್ಲ. ಕಥೆಯನ್ನು ಬಳಸಿಕೊಳ್ಳುವಂತೆ ಸೂಚಿಸಿದಾಗ ಬಹುಪಾಲು ಮಂದಿ ಉತ್ತರ ಕಂಡರು. ಒಂದರ ಬದಲು ಎರಡು ಕಥೆಗಳನ್ನು ಹೋಲಿಸಿ ನೋಡಿದವರಿಗೆ ವರ್ಗಾವಣೆ ಇನ್ನಷ್ಟು ಸುಲಭವಾಯಿತು.

ವೃತ್ತಿಜೀವನದಲ್ಲಿ ಈ ಶಕ್ತಿಯ ಪಾತ್ರ ದೊಡ್ಡದು. ವಿದ್ಯುತ್ ನಕ್ಷೆಯನ್ನು ನೋಡಿ ಗೋಡೆಯೊಳಗಿನ ದೋಷವನ್ನು ಊಹಿಸುವ ಎಲೆಕ್ಟ್ರಿಷಿಯನ್, ಬಿಡಿ ಲಕ್ಷಣಗಳಿಂದ ರೋಗವನ್ನು ನಿರ್ಧರಿಸುವ ವೈದ್ಯೆ, ಕಾನೂನಿನ ತತ್ತ್ವವನ್ನು ಹೊಸ ವ್ಯಾಜ್ಯಕ್ಕೆ ಅನ್ವಯಿಸುವ ವಕೀಲ, ಇವರೆಲ್ಲರೂ ಅದನ್ನೇ ನೆಚ್ಚಿದವರು. ಆದರೆ ಪರೀಕ್ಷೆಯ ಅಂಕವು ವೃತ್ತಿಯ ಯಶಸ್ಸನ್ನು ಎಷ್ಟರಮಟ್ಟಿಗೆ ಮುನ್ಸೂಚಿಸಬಲ್ಲದೆಂಬ ಅಂದಾಜು ಈಚೆಗೆ ತಗ್ಗಿದೆ. ಸಾಮಾನ್ಯ ಬೌದ್ಧಿಕ ಸಾಮರ್ಥ್ಯಕ್ಕೂ ಕೆಲಸದ ಗುಣಮಟ್ಟಕ್ಕೂ ಇರುವ ಸಹಸಂಬಂಧವನ್ನು, ಅಂದರೆ ಸೊನ್ನೆಯಿಂದ ಒಂದರವರೆಗಿನ ಮಾಪನದಲ್ಲಿ ಎರಡೂ ಜೊತೆಯಾಗಿ ಏರಿಳಿಯುವ ಪ್ರಮಾಣವನ್ನು, 1998ರಲ್ಲಿ ಷ್ಮಿಟ್ ಮತ್ತು ಹಂಟರ್ 0.51 ಎಂದು ಲೆಕ್ಕಹಾಕಿದ್ದರು; 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಅದನ್ನು 0.31ಕ್ಕೆ ಇಳಿಸಿ, ಪೂರ್ವನಿರ್ಧರಿತ ಪ್ರಶ್ನೆಗಳ ಕ್ರಮಬದ್ಧ ಸಂದರ್ಶನಕ್ಕೆ 0.42ರೊಂದಿಗೆ ಅದಕ್ಕಿಂತ ಹೆಚ್ಚಿನ ಸ್ಥಾನ ಕೊಟ್ಟರು. 0.31 ಎಂದರೆ ಕೆಲಸದ ಗುಣಮಟ್ಟದಲ್ಲಿನ ವ್ಯತ್ಯಾಸದ ಸುಮಾರು ಹತ್ತನೆಯ ಒಂದು ಭಾಗಕ್ಕೆ ಮಾತ್ರ ಈ ಅಂಕದಿಂದ ವಿವರಣೆ ದೊರೆಯುತ್ತದೆ.

ಈ ಹಿನ್ನೆಲೆಯಲ್ಲಿ ಮೂರು ಸಲಹೆಗಳನ್ನು ಸಮ್ಮೇಳನದ ಗೋಷ್ಠಿಗಳಿಗೆ ಒಪ್ಪಿಸಲಾಗಿದೆ. ಮೊದಲನೆಯದಾಗಿ, ತರಗತಿಯಲ್ಲಿ ಪ್ರತಿಯೊಂದು ನಿಯಮವನ್ನೂ ಹೊರರೂಪದಲ್ಲಿ ಭಿನ್ನವಾದ ಕನಿಷ್ಠ ಎರಡು ಉದಾಹರಣೆಗಳ ಮೂಲಕ ಪರಿಚಯಿಸಿ, ಅವುಗಳಲ್ಲಿ ಸಮಾನವಾದುದು ಏನೆಂಬುದನ್ನು ಮಕ್ಕಳೇ ತಮ್ಮ ಮಾತಿನಲ್ಲಿ ಹೇಳುವಂತೆ ಮಾಡಬೇಕು. ಮಾದರಿ ಪ್ರಶ್ನೆಪತ್ರಿಕೆಗಳ ಗಿಳಿಪಾಠ ಇದಕ್ಕೆ ಬದಲಿಯಾಗದು. ಎರಡನೆಯದಾಗಿ, ಅಂಕಗಳ ಸರಾಸರಿ ಕಾಲದೊಂದಿಗೆ ಬದಲಾಗುವುದರಿಂದ ಕನ್ನಡ ಮಕ್ಕಳಿಗೆ ಬಳಸುವ ಪರೀಕ್ಷೆಗಳನ್ನು ಗ್ರಾಮ ಮತ್ತು ನಗರಗಳೆರಡರಲ್ಲೂ ಕಾಲಕಾಲಕ್ಕೆ ಮರುಪ್ರಮಾಣೀಕರಿಸಬೇಕು. ಮೂರನೆಯದಾಗಿ, ವೃತ್ತಿ ಮಾರ್ಗದರ್ಶಕರು ಒಂದೇ ಅಂಕವನ್ನು ನೆಚ್ಚಿ ಯಾವ ವಿದ್ಯಾರ್ಥಿಯನ್ನೂ ಒಂದು ಕೋರ್ಸಿನಿಂದ ಹಿಂದೆ ಸರಿಸದೆ, ಆಸಕ್ತಿ, ಶ್ರಮ ಮತ್ತು ಕಲಿಕೆಗೆ ದೊರೆತ ಅವಕಾಶಗಳನ್ನೂ ಜೊತೆಗಿಟ್ಟು ತೂಗಬೇಕು. ಗೋಷ್ಠಿಗಳು ಇವುಗಳನ್ನು ಒರೆಗೆ ಹಚ್ಚಿ, ಉಳಿಯುವುದನ್ನು ಮುಂದಿನ ಶೈಕ್ಷಣಿಕ ವರ್ಷದಲ್ಲಿ ಕೆಲವೇ ಶಾಲೆಗಳಲ್ಲಾದರೂ ಪ್ರಯೋಗಕ್ಕೆ ತರುವ ಯೋಜನೆಯೊಂದನ್ನು ರೂಪಿಸಿದರೆ ಸಮ್ಮೇಳನದ ಶ್ರಮ ಸಾರ್ಥಕವಾಗುತ್ತದೆ.