ಹಳೆಯ ಕಾರಿನ ಬಿಡಿಭಾಗಗಳು ಮತ್ತು ವಾರಂಟಿ



ಅಂಬಾಸಿಡರ್ ಕಾರು ಕೆಟ್ಟು ನಿಂತಿದೆ ಎಂದುಕೊಳ್ಳಿ. ಮೆಕ್ಯಾನಿಕ್ ‘ವಾಟರ್ ಪಂಪ್’ ಎಂದು ಚೀಟಿ ಬರೆದುಕೊಡುತ್ತಾರೆ. ಅದನ್ನು ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ: “ಯಾವ ಎಂಜಿನ್ ಸ್ವಾಮಿ?” ಅಲ್ಲಿಗೆ ಚೀಟಿಯ ಕೆಲಸ ಮುಗಿಯಿತು.

ಅವರು ಕೇಳುವುದರಲ್ಲಿ ಅರ್ಥವಿದೆ. ಅಂಬಾಸಿಡರ್ ಹೊರಗಿನಿಂದ ಹೆಚ್ಚು ಬದಲಾಗಲಿಲ್ಲ. ಒಳಗೆ ಮಾತ್ರ ಹಳೆಯ 1489 ಸಿ.ಸಿ. ಎಂಜಿನ್ ಒಂದು, 1990ರ ದಶಕದಲ್ಲಿ ಬಂದ 1.8 ಲೀಟರಿನ ಇಸುಜು ಎಂಜಿನ್ ಇನ್ನೊಂದು. ಒಂದರ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಮಾರುತಿ 800ರಲ್ಲೂ ಹಾಗೆಯೇ. 1983ರಲ್ಲಿ ಬಂದ ಮೊದಲ ಮಾದರಿಯ ಬಾಡಿಯೇ ಬೇರೆ, 1986ರ ಮಾದರಿಯದೇ ಬೇರೆ. ಆದ್ದರಿಂದ ಅಂಗಡಿಗೆ ಹೋಗುವಾಗ ಆರ್.ಸಿ. ಪುಸ್ತಕದ ಪ್ರತಿಯನ್ನೂ ಬಿಚ್ಚಿದ ಹಳೆಯ ಭಾಗವನ್ನೂ ಜೊತೆಗೆ ಒಯ್ಯಿರಿ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಎರಡೂ ಬೇಕಾಗುತ್ತವೆ.

ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಮಾರುತಿಯವರ ಚಿಂತೆ ಕಡಿಮೆ, ಏಕೆಂದರೆ ಕಂಪನಿ ನಡೆಯುತ್ತಿದೆ. ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೆ ಹೊರಗಿನ ತಯಾರಕರು, ಅಂಗಡಿಗಳಲ್ಲಿ ಉಳಿದ ಹಳೆಯ ಸರಕು, ಗುಜರಿ, ಇಲ್ಲವೇ ಲೇತ್ ಕೆಲಸದವರೇ ಗತಿ. ಗುಜರಿಯಿಂದ ಬಾಗಿಲು, ಬಂಪರ್, ದೀಪದ ರಿಂಗು ತನ್ನಿ, ತೊಂದರೆಯಿಲ್ಲ. ಬ್ರೇಕಿನ ಭಾಗವನ್ನು ಮಾತ್ರ ಬೇಡವೇ ಬೇಡ. ಹಾಗೆಯೇ “ಒರಿಜಿನಲ್, ಇಪ್ಪತ್ತು ವರ್ಷದ ಹಿಂದಿನ ಪ್ಯಾಕ್” ಎಂದು ಆಯಿಲ್ ಸೀಲನ್ನೋ ಹೋಸ್ ಪೈಪನ್ನೋ ತೋರಿಸಿದರೆ ಮರುಳಾಗಬೇಡಿ. ರಬ್ಬರಿಗೆ ಪೆಟ್ಟಿಗೆಯೊಳಗೂ ವಯಸ್ಸಾಗುತ್ತದೆ.

ಇನ್ನು ವಾರಂಟಿ. ಹಳೆಯ ಕಾರಿಗೆ ಎಲ್ಲಿಯ ವಾರಂಟಿ ಎಂದು ನೀವು ನಗಬಹುದು. ಕಾರಿನದು ಮುಗಿದಿರುತ್ತದೆ, ನಿಜ. ಆದರೆ ಇಂದು ಹಾಕಿಸಿದ ಹೊಸ ಭಾಗಕ್ಕೆ ಅದರದೇ ವಾರಂಟಿ ಇರಬಹುದು. ಇದನ್ನು ನಾನು ಹಣ ಕಳೆದುಕೊಂಡು ಕಲಿತೆ. ನನ್ನ ಪದ್ಮಿನಿಗೆ ಹಾಕಿಸಿದ ಕ್ಲಚ್ ಪ್ಲೇಟ್ ಮೂರನೆಯ ತಿಂಗಳಿಗೇ ಜಾರತೊಡಗಿತು. ಅಂಗಡಿಗೆ ಹೋದರೆ ಬಿಲ್ ಕೇಳಿದರು. ತೆರಿಗೆ ಉಳಿಯುತ್ತದೆಂದು ನಾನು ತೆಗೆದುಕೊಂಡಿದ್ದು ಬರೀ ‘ಎಸ್ಟಿಮೇಟ್’ ಚೀಟಿ! ಪ್ಲೇಟಿನ ಬೆಲೆಯ ಜೊತೆಗೆ ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿಯೂ ಎರಡನೆಯ ಸಲ ನನ್ನ ತಲೆಗೇ ಬಂತು. ಬಿಲ್ಲಿನಲ್ಲಿ ದಿನಾಂಕ, ಭಾಗದ ಸಂಖ್ಯೆ, ವಾಹನದ ಸಂಖ್ಯೆ ಬರೆಸಿ. ಭಾಗ ಕೆಟ್ಟರೆ ಕೂಲಿ ಯಾರದೆಂದು ಮೊದಲೇ ಕೇಳಿ.

ವಾರಂಟಿ ಇನ್ನೂ ಉಳಿದಿರುವ ಕಾರಿನವರಿಗೂ ಒಂದು ಮಾತು. “ಹೊರಗೆ ರಿಪೇರಿ ಮಾಡಿಸಿದಿರಿ, ವಾರಂಟಿ ಹೋಯಿತು” ಎಂದು ಸಾರಾಸಗಟಾಗಿ ಹೇಳುವಂತಿಲ್ಲ ಎಂಬುದು 2014ರ ಆಗಸ್ಟ್‌ನಲ್ಲಿ ಭಾರತದ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ನೀಡಿದ ಆದೇಶದ ಒಂದು ಅಂಶ. ಹೊರಗಿನ ಕೆಲಸದಿಂದಲೇ ಕೆಟ್ಟದ್ದಾದರೆ ಆ ಮಟ್ಟಿಗೆ ನಿರಾಕರಿಸಬಹುದು, ಅಷ್ಟೆ. ಬಿಡಿಭಾಗಗಳು ತೆರೆದ ಮಾರುಕಟ್ಟೆಯಲ್ಲಿ ಸಿಗಬೇಕೆಂದೂ ಆಯೋಗ ಹೇಳಿ, ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ವಿಧಿಸಿತು. ಮೂರು ಕಂಪನಿಗಳ ಮೇಲ್ಮನವಿಯಲ್ಲಿ ನ್ಯಾಯಮಂಡಳಿಯು 2016ರಲ್ಲಿ ದಂಡ ಇಳಿಸಿತಾದರೂ ಆಯೋಗದ ನಿರ್ಣಯವನ್ನು ಎತ್ತಿಹಿಡಿಯಿತು.

ಮಾತಿನಲ್ಲಿ ಬಗೆಹರಿಯದಿದ್ದರೆ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು 2019ರ ಕಾಯ್ದೆಯಲ್ಲಿ ಎರಡು ವರ್ಷಗಳ ಅವಧಿಯಿದೆ. ಸ್ವಂತ ಟ್ಯಾಕ್ಸಿಯನ್ನು ತಾವೇ ಓಡಿಸಿ ಹೊಟ್ಟೆ ಹೊರೆಯುವವರೂ ಈ ಕಾಯ್ದೆಯ ಪ್ರಕಾರ ಗ್ರಾಹಕರೇ. ನಿಮ್ಮದು ವ್ಯಾಪಾರ, ದೂರು ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಹಿಂಜರಿಯಬೇಡಿ. ಕೆಟ್ಟ ಭಾಗವನ್ನು ಮಾತ್ರ ಮೆಕ್ಯಾನಿಕ್ ಬಳಿ ಬಿಟ್ಟು ಬರಬೇಡಿ. ಅದೇ ನಿಮ್ಮ ಸಾಕ್ಷಿ.