ಹುಲಿ ಎಂಬ ಮಾತು



ಪ್ರಾಣಿಗಳ ಹೆಸರುಗಳು ಯಾವ ಭಾಷೆಯಲ್ಲಾದರೂ ಎರಡು ಬಗೆಯ ಕೆಲಸವನ್ನು ಮಾಡುತ್ತವೆ. ಮೊದಲನೆಯದು ಆ ಪ್ರಾಣಿಯನ್ನು ಸೂಚಿಸುವುದು. ಎರಡನೆಯದು ಮನುಷ್ಯನನ್ನು ಹೊಗಳುವುದಕ್ಕೋ ಹಳಿಯುವುದಕ್ಕೋ ಒದಗುವುದು. ನಾಯಿ, ನರಿ, ಕತ್ತೆ, ಕೋಣ ಎಂಬ ಮಾತುಗಳನ್ನು ನಾವು ದಿನವೂ ಆಡುತ್ತೇವೆ. ಆಡಿದಾಗಲೆಲ್ಲ ನಾಲ್ಕು ಕಾಲಿನ ಪ್ರಾಣಿ ನಮ್ಮ ಮನಸ್ಸಿನಲ್ಲಿರುವುದಿಲ್ಲ. ಈ ದಿನ ನಾವು ವಿಚಾರಕ್ಕೆ ತೆಗೆದುಕೊಂಡಿರುವ ಮಾತು ಹುಲಿ. ಇದನ್ನು ಕನ್ನಡಿಗರು, ಇಂಗ್ಲಿಷರು, ಚೀನೀಯರು ಹೇಗೆ ಹೇಗೆ ಬಳಸಿದ್ದಾರೆಂಬುದನ್ನು ನೋಡಿ, ಬಳಿಕ ಮಾತೂ ಮೃಗವೂ ಒಂದೆಡೆ ಬಾಳುತ್ತಿರುವ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಗೆ ಬರೋಣ.

ಹಳಗನ್ನಡದಲ್ಲಿ ಈ ಶಬ್ದ ಪುಲಿ ಎಂದಿದ್ದಿತು. ಪಕಾರವು ಹಕಾರವಾದ ಕಾಲದಲ್ಲಿ ಪಾಲು ಹಾಲಾದಂತೆ, ಪೂವು ಹೂವಾದಂತೆ, ಪುಲಿ ಹುಲಿಯಾಯಿತು. ಆ ಹಳೆಯ ಪಕಾರದ ಗುರುತು ಹೆಬ್ಬುಲಿ ಎಂಬ ಸಮಾಸದಲ್ಲಿ ಬಕಾರವಾಗಿ ಇಂದಿಗೂ ನಿಂತಿದೆ. ತಮಿಳರಿಗೂ ತೆಲುಗರಿಗೂ ಇದು ಪುಲಿಯೇ, ತುಳುವರಿಗೆ ಪಿಲಿ. ಲಕಾರವನ್ನು ಳಕಾರ ಮಾಡಿದರೆ ಕಾಡಿನ ಮೃಗ ಅಡಿಗೆಮನೆಯ ಹುಳಿಯಾಗುತ್ತದೆ. ಕನ್ನಡ ಕಲಿಯುವ ಪರಭಾಷೆಯವರು ಇಲ್ಲಿ ಎಡವುವುದು ಸಹಜವೇ.

ಗುಂಡ್ಲುಪೇಟೆಯಿಂದ ಒಂದು ದಾರಿ ಬಂಡೀಪುರವನ್ನು ಹಾಯ್ದು ಉದಕಮಂಡಲಕ್ಕೂ ಮತ್ತೊಂದು ವಯನಾಡಿಗೂ ಹೋಗುತ್ತವೆ. ಮೊದಲನೆಯ ದಾರಿಯಲ್ಲಿ ಪುಲಿಯೆಂದರೆ ಹುಲಿಯೇ ಸರಿ. ಎರಡನೆಯ ದಾರಿಯಲ್ಲಿ ಗಡಿ ದಾಟಿದೊಡನೆ ಅರ್ಥ ಬೇರೆ. ಇಂದಿನ ಮಲಯಾಳದ ಆಡುಮಾತಿನಲ್ಲಿ ಪುಲಿ ಎಂದರೆ ಚಿರತೆ. ನಮ್ಮ ಹುಲಿಗೆ ಅವರು ಕಡುವ ಎನ್ನುತ್ತಾರೆ. ಒಂದೇ ಕಾಡು, ಒಂದೇ ಶಬ್ದ. ಎಚ್ಚರಿಕೆ ಮಾತ್ರ ಎರಡು ಬೇರೆ ಮೃಗಗಳಿಗೆ! ಕನ್ನಡದಲ್ಲಿಯೂ ಹೆಬ್ಬುಲಿ ಎಂಬ ಮಾತು ಬೇಕಾಯಿತೆಂಬುದನ್ನು ನೋಡಿದರೆ, ಬರಿಯ ಹುಲಿ ಎಂಬುದು ಒಂದು ಕಾಲಕ್ಕೆ ಇಷ್ಟು ಖಚಿತವಾಗಿರಲಿಲ್ಲವೆಂದು ಊಹಿಸಬಹುದು.

ಇನ್ನು ನಮ್ಮ ಗಾದೆಗಳು. ಹುಲಿ ಹಸಿದರೆ ಹುಲ್ಲು ತಿಂದೀತೆ ಎಂಬುದು ಅಭಿಮಾನದ ಮಾತು. ಅತ್ತ ದರಿ, ಇತ್ತ ಪುಲಿ ಎಂಬುದು ಸಂಕಟದ ಮಾತು. ಇದರಲ್ಲಿ ಹಳಗನ್ನಡದ ರೂಪವೇ ಉಳಿದುಬಂದಿರುವುದು ಗಮನಾರ್ಹ. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಎಂಬುದು ಪರಿಹಾಸದ ಮಾತು. ಹುಲಿಯನ್ನು ನೋಡಿ ನರಿ ಮೈಗೆ ಬರೆ ಹಾಕಿಕೊಂಡ ಕಥೆ ಅನುಕರಣಶೀಲರಿಗೆ ಹೇಳಿದ್ದು. ಅಭಿಮಾನ, ಭಯ, ಪರಿಹಾಸ—ಈ ಮೂರೂ ಒಂದೇ ಶಬ್ದದಲ್ಲಿ ಸೇರಿವೆ.

ಇಂಗ್ಲೆಂಡಿನ ಕಾಡಿನಲ್ಲಿ ಹುಲಿಯಿಲ್ಲ. ಟೈಗರ್ ಎಂಬ ಶಬ್ದ ಗ್ರೀಕ್, ಲ್ಯಾಟಿನ್, ಫ್ರೆಂಚ್ ಭಾಷೆಗಳ ಮಾರ್ಗವಾಗಿ ಅವರಿಗೆ ದೊರೆತ ಆಗಂತುಕ. ಆದುದರಿಂದ ಅವರ ಹುಲಿ ಬಹುಮಟ್ಟಿಗೆ ಪುಸ್ತಕದ ಹುಲಿ, ಲಾಂಛನದ ಹುಲಿ. ಆ ಲಾಂಛನದಲ್ಲಿ ನಮ್ಮ ಮೈಸೂರಿನ ಪಾಲೂ ಉಂಟು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟೀಪುವಿನ ಅರಮನೆಯಲ್ಲಿ ಸಿಕ್ಕಿದ, ಐರೋಪ್ಯನ ಮೇಲೆ ಎರಗಿದ ಮರದ ಹುಲಿ ಇಂದು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಆ ಗೆಲವಿಗಾಗಿ ಸೈನಿಕರಿಗೆ ಹಂಚಿದ ಪದಕದಲ್ಲಿ ಸಿಂಹವು ಹುಲಿಯನ್ನು ಕೆಡಹಿದೆ. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಶ್ರೀಮಂತರ ಗಾಡಿಯ ಹಿಂದೆ ಸಮವಸ್ತ್ರ ತೊಟ್ಟು ನಿಲ್ಲುತ್ತಿದ್ದ ಪುಟ್ಟ ಆಳಿಗೂ ಟೈಗರ್ ಎಂಬ ಹೆಸರಿದ್ದಿತು. ಹುಲಿಯನ್ನು ಕಾಣದ ನಾಡಿನಲ್ಲಿ ಅದರ ಹೆಸರು ಹೀಗೆ ಆಟದ ವಸ್ತುವೂ ಆಗಬಲ್ಲುದು.

ಚೀನೀಯರ ವಿಷಯ ಹಾಗಲ್ಲ. ಅವರ ಬೆಟ್ಟಗಳಲ್ಲಿ ಹುಲಿ ಇದ್ದಿತು. ಅವರ ಮಾತು ಅದರಿಂದ ತುಂಬಿಹೋಗಿದೆ. ಅವರ ಭಾಷೆಯಲ್ಲಿ ಹುಲಿಗೆ ಹೂ ಎಂದು ಹೆಸರು, ನರಿಗೂ ಹೂ. ಧ್ವನಿಯನ್ನು ಇಳಿಸಿ ಏರಿಸಿದರೆ ಹುಲಿ, ಏರಿಸಿದರೆ ನರಿ. ನಮಗೆ ಲಕಾರ ಳಕಾರಗಳಿದ್ದಂತೆ ಅವರಿಗೆ ಈ ಸ್ವರಭೇದ. ನರಿಯೊಂದು ಹುಲಿಯನ್ನು ಬೆನ್ನಹಿಂದೆ ಇಟ್ಟುಕೊಂಡು ನಡೆದು, ಹುಲಿಗೆ ಹೆದರಿ ಓಡಿದ ಮೃಗಗಳನ್ನು ತನಗೆ ಹೆದರಿದುವೆಂದು ಹುಲಿಗೇ ನಂಬಿಸಿತೆಂಬುದು ಅವರ ಪ್ರಾಚೀನ ಕಥೆ. ದೊಡ್ಡವರ ಹೆಸರು ಹೇಳಿ ದರ್ಪ ತೋರುವವನಿಗೆ ಇಂದಿಗೂ ಇದೇ ನುಡಿಗಟ್ಟು. ನಮ್ಮ ನರಿ ಬರೆ ಹಾಕಿಕೊಂಡು ನೊಂದಿತು; ಅವರ ನರಿ ನೋವಿಲ್ಲದೆ ಗೆದ್ದಿತು! ಹುಲಿಯ ಗವಿಯನ್ನು ಹೊಗದೆ ಹುಲಿಯ ಮರಿ ದೊರೆಯದೆಂಬುದು ಸಾಹಸಿಗೆ. ಹುಲಿಯ ತಲೆ, ಹಾವಿನ ಬಾಲ ಎಂಬುದು ಆರಂಭಶೂರನಿಗೆ. ಕುದುರೆ ಕುದುರೆ ಹುಲಿ ಹುಲಿ ಎಂದು ಬರೆಯುವ ಮಾತಿಗೆ ಅಜಾಗರೂಕತೆ, ಹೇಗೋ ಹಾಗೆ ಎಂದರ್ಥ. ನಗುಮೊಗದ ಹುಲಿ ಎಂದರೆ ಒಳಗೆ ಕೇಡನ್ನಿಟ್ಟುಕೊಂಡವನು; ನಮ್ಮ ಗೋಮುಖವ್ಯಾಘ್ರನಿಗೆ ಇವನು ಸಾಕ್ಷಾತ್ ಸೋದರ. ಕಾಗದದ ಹುಲಿ ಎಂಬ ಮಾತಂತೂ ೧೯೪೬ರಲ್ಲಿ ಮಾವೋ ಅಮೆರಿಕದ ಪತ್ರಕರ್ತೆಯೊಬ್ಬಳೊಡನೆ ಆಡಿದ ಮೇಲೆ ಲೋಕವನ್ನೆಲ್ಲ ಸುತ್ತಿತು. ಸೋಜಿಗವೇನೆಂದರೆ, ಸಂಪತ್ತಿನಲ್ಲಿ ಶೀಘ್ರವಾಗಿ ಏರಿದ ಪೂರ್ವದೇಶಗಳನ್ನು ಇಂಗ್ಲಿಷರು ಏಷ್ಯದ ನಾಲ್ಕು ಹುಲಿಗಳೆಂದು ಕರೆದರೆ, ಚೀನೀಯರು ನಾಲ್ಕು ಪುಟ್ಟ ಡ್ರಾಗನ್‌ಗಳೆಂದರು. ಹುಲಿಯನ್ನು ಬಲ್ಲವರು ಐಶ್ವರ್ಯಕ್ಕೆ ಅದರ ಹೆಸರನ್ನಿಡಲಿಲ್ಲ.

ಚೀನೀಯರ ಇನ್ನೊಂದು ನುಡಿಗಟ್ಟು ನಮ್ಮನ್ನು ನೇರವಾಗಿ ಚಾಮರಾಜನಗರಕ್ಕೆ ಕರೆತರುತ್ತದೆ. ಹುಲಿಯನ್ನು ಏರಿದವನಿಗೆ ಇಳಿಯುವುದು ಕಷ್ಟ ಎನ್ನುತ್ತಾರೆ ಅವರು. ಕೈಕೊಂಡ ಕಾರ್ಯವನ್ನು ಬಿಡಲೂ ಆರದೆ ನಡಸಲೂ ಆರದೆ ಇರುವವನ ಪಾಡು ಅದು. ಇಂಗ್ಲಿಷರೂ ಈ ಮಾತನ್ನು ಬಳಸುತ್ತಾರೆ. ಆದರೆ ಏಳುಮಲೆಯ ಮಾದಪ್ಪನ ಒಕ್ಕಲಿಗೆ ಈ ಗಾದೆಯನ್ನು ಹೇಳಿದರೆ ಆತ ನಕ್ಕಾನು. ಮಲೆಯ ಮಹದೇಶ್ವರನ ವಾಹನವೇ ಹುಲಿ. ಕಂಸಾಳೆಯವರು ಹಾಡುವ ಕಾವ್ಯದಲ್ಲಿ ಆತ ಹುಲಿಯ ಮೇಲೆ ಮಲೆಯಿಂದ ಮಲೆಗೆ ಸಂಚರಿಸುತ್ತಾನೆ. ಬೆಟ್ಟದಲ್ಲಿ ಹುಲಿವಾಹನದ ಉತ್ಸವವೂ ನಡೆಯುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿವೀರಪ್ಪನೆಂಬ ದೇವರೇ ಉಂಟು. ಆ ಕಾಡು ಹುಲಿಯ ರಕ್ಷಿತಾರಣ್ಯವೆಂದು ಘೋಷಿತವಾದ ೨೦೧೧ರಲ್ಲಿಯೇ ಅಲ್ಲಿನ ಸೋಲಿಗರ ಸಾಮೂಹಿಕ ಅರಣ್ಯಹಕ್ಕಿಗೂ ಮಾನ್ಯತೆ ದೊರೆಯಿತು. ಅಭಿಮಾನ, ಭಯ, ಪರಿಹಾಸಗಳಲ್ಲದೆ ನಾಲ್ಕನೆಯ ಅರ್ಥವೊಂದು ಇಲ್ಲಿದೆ. ಅದು ನಂಟು.

ಈ ನಂಟು ಸುಲಭವಾದುದೆಂದು ಮಾತ್ರ ನಗರದಲ್ಲಿರುವ ನಾವು ತಿಳಿಯಬಾರದು. ಗುಂಡ್ಲುಪೇಟೆಯ ಬಳಿಯ ಕಾಡನ್ನು ಮೈಸೂರು ಸಂಸ್ಥಾನವು ೧೯೪೧ರಲ್ಲಿ ವೇಣುಗೋಪಾಲ ವನ್ಯಮೃಗೋದ್ಯಾನವೆಂದು ವಿಸ್ತರಿಸಿತು. ೧೯೭೩ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲ ಒಂಬತ್ತು ಧಾಮಗಳಲ್ಲಿ ಬಂಡೀಪುರ ಒಂದು. ೨೦೨೨ರ ಗಣತಿಯ ಅಂದಾಜಿನಂತೆ ಆ ಧಾಮದೊಳಗಿನ ಹುಲಿಗಳು ೧೫೦. ಕಾಡಿನ ಅಂಚಿನಲ್ಲಿ ಜೋಳ, ಅರಿಸಿನಗಳ ಹೊಲ. ಹೊಲದಾಚೆ ದನದ ಹಟ್ಟಿ. ೨೦೧೯ರಲ್ಲಿ ಚೌಡಹಳ್ಳಿ, ಹುಂಡೀಪುರಗಳ ಕಡೆ ಇಬ್ಬರು ರೈತರು ಹುಲಿಗೆ ಬಲಿಯಾದರು. ಅಕ್ಟೋಬರ್ ತಿಂಗಳಲ್ಲಿ ಆ ಹುಲಿಯನ್ನು ಸೆರೆಹಿಡಿದರು. ೨೦೨೫ರ ಸೆಪ್ಟೆಂಬರಿನಲ್ಲಿ ಬೊಮ್ಮಲಾಪುರದ ಜನ, ಹುಲಿಯನ್ನು ಹಿಡಿಯಲಿಲ್ಲವೆಂದು ಬೇಸತ್ತು, ಅದಕ್ಕಾಗಿ ತಂದಿಟ್ಟ ಬೋನಿನಲ್ಲಿ ಅರಣ್ಯ ಸಿಬ್ಬಂದಿಯನ್ನೇ ಕೂಡಿದರು. ಕೇಳಿದವರಿಗೆ ನಗೆ ಬರಬಹುದು. ಆ ಊರಿನಲ್ಲಿ ಸಂಜೆ ಹೊಲದಿಂದ ಮಕ್ಕಳು ಹಿಂದಿರುಗುವುದನ್ನು ಕಾಯುವ ತಾಯಿಗೆ ನಗೆ ಬಾರದು.

ಅದೇ ವರ್ಷದ ಜೂನ್ ೨೬ರಂದು ಮಲೆಯ ಮಹದೇಶ್ವರನ ಬೆಟ್ಟದ ವನ್ಯಧಾಮದಲ್ಲಿ, ಹೂಗ್ಯದ ಕಾಡಿನಲ್ಲಿ, ಒಂದು ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತುಬಿದ್ದುವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದುದೇ ಕಾರಣವೆಂದು ತನಿಖೆಯಿಂದ ತಿಳಿದುಬಂತು. ಗೋವಿನ ಹಾಡನ್ನು ಕೇಳಿ ಬೆಳೆಯದ ಕನ್ನಡದ ಮಗು ಯಾವುದು? ಅಲ್ಲಿ ಹುಲಿ ಹಸುವಿನ ಸತ್ಯಕ್ಕೆ ಕರಗಿ ಪ್ರಾಣಬಿಟ್ಟಿತು. ಇಲ್ಲಿ ಹುಲಿ ಸತ್ತುದು ಹಸುವಿನ ಮೈಯಲ್ಲಿ ಅಡಗಿದ ವಿಷದಿಂದ. ಅದೂ ಹುಲಿಯನ್ನೇರಿದ ದೇವರ ಬೆಟ್ಟದಲ್ಲಿ. ಗೋಮುಖವ್ಯಾಘ್ರವೆಂಬ ನುಡಿಗಟ್ಟು ತಿರುಗಿ ಮನುಷ್ಯನ ಮೇಲೆಯೇ ಬಂದು ನಿಂತಿತು.

ಆದರೂ ವಿಷವಿಟ್ಟ ಕೈಯನ್ನು ಮಾತ್ರ ದೂರಿ ಸುಮ್ಮನಾಗುವುದು ನ್ಯಾಯವಲ್ಲ. ಹಸು ಸತ್ತರೆ ಬಡವನ ಹಾಲು, ಗೊಬ್ಬರ, ಸಾಲದ ಕಂತು ಎಲ್ಲವೂ ಒಂದೇ ರಾತ್ರಿ ಹೋಗುತ್ತವೆ. ಹುಲಿಯ ಹೆಮ್ಮೆ ನಾಡಿಗೆಲ್ಲ ಸೇರಿದ್ದು. ಅದರ ಊಟದ ಲೆಕ್ಕ ಮಾತ್ರ ಕಾಡಂಚಿನವನ ಹಟ್ಟಿಗೆ. ಆ ಲೆಕ್ಕವನ್ನು ನಾಡು ತಡಮಾಡದೆ ತೀರಿಸಿದಲ್ಲಿ ಮಾದಪ್ಪನ ಒಕ್ಕಲಿಗೆ ಹಳೆಯ ನಂಟನ್ನು ಉಳಿಸಿಕೊಳ್ಳುವುದು ಸುಲಭವಾದೀತು.

ಚೀನೀಯರ ದೃಷ್ಟಾಂತ ನಮ್ಮ ಕಣ್ಣೆದುರಿಗಿದೆ. ೧೯೫೦ರ ದಶಕದಲ್ಲಿ ಅಲ್ಲಿ ಹುಲಿಯನ್ನು ಪೀಡೆಯೆಂದು ಸಾರಿ ಬೇಟೆಯಾಡಿದರು. ಇಂದು ದಕ್ಷಿಣ ಚೀನದ ಹುಲಿ ಬೋನುಗಳಲ್ಲಿ ಉಂಟು; ಕಾಡಿನಲ್ಲಿ ಉಳಿದಿರುವ ಕುರುಹು ದಶಕಗಳಿಂದ ದೊರೆತಿಲ್ಲ. ನುಡಿಗಟ್ಟುಗಳು ಮಾತ್ರ ಒಂದೂ ಅಳಿಯಲಿಲ್ಲ. ಮಾತಿಗೆ ಮೃಗಕ್ಕಿಂತ ಆಯುಸ್ಸು ಹೆಚ್ಚು. ಮೃಗವಳಿದುದನ್ನು ಮಾತು ನಮಗೆ ತಿಳಿಸುವುದಿಲ್ಲ. ಗುಂಡ್ಲುಪೇಟೆಯ ಸಂತೆಯಲ್ಲಿ ಹುಲಿ ಬಂತು ಎಂದರೆ ಜನ ಇಂದಿಗೂ ತಲೆಯೆತ್ತಿ ಕಾಡಿನ ಕಡೆ ನೋಡುತ್ತಾರೆ. ಆ ಮಾತಿನ ಹಿಂದೆ ಅಲ್ಲಿ ಇನ್ನೂ ಜೀವವುಂಟು. ಅದನ್ನು ಕಾಗದದ ಹುಲಿಯಾಗಿಸದೆ ಉಳಿಸುವುದು ಕಾಡಂಚಿನವರ ಹೊಣೆಯಷ್ಟೇ ಅಲ್ಲ. ಹುಲಿಯೆಂಬ ಮಾತನ್ನು ಅಭಿಮಾನದಿಂದ ಆಡುವ ನಮ್ಮೆಲ್ಲರ ಹೊಣೆಯೂ ಹೌದು.