ಸವಳು ನೆಲಕ್ಕೆ ನೆರವು ಯಾವ ಬಾಗಿಲಲ್ಲಿ?

(ಜವಳಗೇರಾ ಸೀಮೆಯ ರೈತರೊಬ್ಬರು ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ನಿಮ್ಮ ಗುಡ್ಡಗಳ ಮೇಲೆ ಬಿದ್ದ ಮಳೆಯೇ ತುಂಗೆಯೂ ಭದ್ರೆಯೂ ಆಗಿ ಕೂಡಲಿಯಲ್ಲಿ ಒಂದಾಗುತ್ತದೆ. ಹೊಸಪೇಟೆಯ ಬಳಿಯ ಅಣೆಕಟ್ಟೆಯಲ್ಲಿ ನಿಂತು, ಎಡದಂಡೆ ಕಾಲುವೆಯ ಮೂಲಕ ಸಿಂಧನೂರು ತಾಲ್ಲೂಕಿನ ನಮ್ಮ ಸೀಮೆಯನ್ನು ತಲುಪುತ್ತದೆ. ನೀರಿನೊಡನೆ ಮಣ್ಣೂ ಇಳಿದುಬರುತ್ತದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ 2016ರ ಸಮೀಕ್ಷೆಯಂತೆ 105.788 ಟಿಎಂಸಿಗೆ ಕುಸಿದಿದೆ. ಕೃಷಿಯ ನೆರವೂ ಮಣ್ಣಿನ ರಕ್ಷಣೆಯೂ ಒಂದೇ ಎಂಬುದು ನಿಮಗೂ ನಮಗೂ ತಿಳಿದ ಮಾತು. ಸರ್ಕಾರದ ಕಡತಗಳಲ್ಲಿ ಮಾತ್ರ ಅವು ಬೇರೆ ಬೇರೆ ಕಚೇರಿಗಳಲ್ಲಿವೆ.

ಕಾಲುವೆಯನ್ನು ಯೋಜಿಸಿದವರು ಬಹುಭಾಗಕ್ಕೆ ಜೋಳ, ಹತ್ತಿ, ಶೇಂಗಾದಂಥ ಹಗುರ ನೀರಾವರಿಯ ಬೆಳೆಗಳನ್ನು ಗೊತ್ತುಪಡಿಸಿದ್ದರು. ಆದರೆ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೊನೆಯ ಭಾಗದವರಿಗೆ ನೀರು ಕೊರತೆಯಾಯಿತು. ನೀರು ಹೆಚ್ಚಾದೆಡೆ ಕಪ್ಪು ಎರೆಭೂಮಿಯಲ್ಲಿ ಬಸಿಯಲು ದಾರಿಯಿಲ್ಲದೆ ಅಂತರ್ಜಲ ಮೇಲೇರಿ, ಉಪ್ಪನ್ನು ಮೇಲ್ಮಣ್ಣಿಗೆ ತಂದಿತು. ಸವಳು-ಜವಳು ಎಂದು ಕರೆಯುವುದು ಇದನ್ನೇ.

ಇಂಥ ನೆಲದ ಒಡೆಯನಿಗೆ ಮೊದಲ ಬಾಗಿಲು ಹೋಬಳಿಯ ರೈತ ಸಂಪರ್ಕ ಕೇಂದ್ರ. ಜವಳಗೇರಾದಲ್ಲಿ ಕೇಂದ್ರ ಸರ್ಕಾರದ ದೊಡ್ಡ ಫಾರ್ಮ್ ಒಂದಿದೆ, 2014ರಿಂದ ರಾಷ್ಟ್ರೀಯ ಬೀಜ ನಿಗಮದ್ದು. ಅದು ಬೀಜ ಬೆಳೆಯುವ ಸ್ಥಳ, ಸಹಾಯಧನ ಹಂಚುವ ಕಚೇರಿಯಲ್ಲ. ಫಲಕ ದೊಡ್ಡದಿದ್ದಲ್ಲಿ ನೆರವೂ ದೊಡ್ಡದೆಂದು ಭಾವಿಸಬಾರದು. ಸಂಪರ್ಕ ಕೇಂದ್ರದಲ್ಲಿಯೂ "ಏನು ಸಬ್ಸಿಡಿ ಬಂದಿದೆ?" ಎಂದು ಕೇಳಿದವನಿಗೆ ಅಂದು ದಾಸ್ತಾನಿನಲ್ಲಿರುವುದಷ್ಟೇ ದೊರೆಯುತ್ತದೆ. "ನನ್ನ ಮಣ್ಣಿಗೆ ಇದು ಬೇಕು" ಎಂದು ಕೇಳಲು ಕೈಯಲ್ಲಿ ಮಣ್ಣು ಪರೀಕ್ಷೆಯ ಫಲಿತಾಂಶ ಇರಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ. ಬಹುತೇಕರು ಸಾರಜನಕ, ರಂಜಕ, ಪೊಟ್ಯಾಷ್ ನೋಡಿ ಮಡಚಿಡುತ್ತಾರೆ. ನಮಗೆ ಮುಖ್ಯವಾದವು ರಸಸಾರ ಮತ್ತು ಲವಣಾಂಶವನ್ನು ಸೂಚಿಸುವ ವಿದ್ಯುತ್ ವಾಹಕತೆ. ರಸಸಾರ 8.5 ದಾಟಿದ ಕ್ಷಾರಮಣ್ಣಿಗೆ ಜಿಪ್ಸಂ ಬೇಕು. ಕೇವಲ ಲವಣ ಹೆಚ್ಚಿದ್ದರೆ ಜಿಪ್ಸಂ ಸುರಿದು ಫಲವಿಲ್ಲ. ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ಕರಗಿಸಿ, ಬಸಿಗಾಲುವೆಯಿಂದ ಹೊರಹಾಕಬೇಕು. ಡಯಾಂಚದಂಥ ಹಸಿರೆಲೆ ಗೊಬ್ಬರ ಎರಡಕ್ಕೂ ಸಹಾಯಕ. ನಿಮ್ಮ ಹುಳಿಮಣ್ಣಿಗೆ ಬೇಕಾದದ್ದು ಸುಣ್ಣ. ಚೀಟಿ ಒಂದೇ, ಕೇಳಬೇಕಾದದ್ದು ಬೇರೆ.

ಇನ್ನು ಕಾಗದಪತ್ರದ ಮಾತು. ಫ್ರೂಟ್ಸ್ ಎಂಬ ನೋಂದಣಿಯ ಸಂಖ್ಯೆಯಿಲ್ಲದೆ ಇಂದು ಯಾವ ಅರ್ಜಿಯೂ ಮುಂದೆ ಸಾಗುವುದು ಕಷ್ಟ. ಅದರ ಬುಡ ಪಹಣಿ. ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಪಹಣಿ ಉಳಿದಿದ್ದರೆ ಮೊದಲು ಪೌತಿ ಖಾತೆ ಮಾಡಿಸಿರಿ. ಪಹಣಿಯೇ ಇಲ್ಲದ ಗೇಣಿದಾರರ ಕಷ್ಟ ಹಿರಿದು. ನಮ್ಮಲ್ಲಿ ಲೀಸಿಗೆ ಹೊಲ ಹಿಡಿದು ಉಳುವವರು ಬಹಳ. 2019ರಿಂದ ವರ್ಷಕ್ಕೆ 6,000 ರೂಪಾಯಿ ನೀಡುವ ಕಿಸಾನ್ ಸಮ್ಮಾನ್ ಭೂಮಿಯ ಒಡೆಯರಿಗೆ ಮಾತ್ರ. ಆದರೆ 2016ರ ಫಸಲ್ ಬಿಮಾ ಯೋಜನೆಯ ನಿಯಮದಲ್ಲಿ ಗೇಣಿದಾರರಿಗೂ ಪಾಲುದಾರರಿಗೂ ಸ್ಥಾನವಿದೆ. ಕರಾರು ಪತ್ರ ಬೇಕು. ಆ ಪತ್ರ ಬರೆದುಕೊಡಲು ಒಡೆಯರು ಹಿಂಜರಿಯುತ್ತಾರೆ, ಬೆಳೆ ಕಳೆದುಕೊಂಡವನು ಬರಿಗೈಯಲ್ಲಿ ಉಳಿಯುತ್ತಾನೆ. ಪತಿಯ ಹೆಸರಿನ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

2014ರ ಕೃಷಿ ಭಾಗ್ಯ ಯೋಜನೆಯ ಕೃಷಿಹೊಂಡ ಮಳೆಯಾಶ್ರಿತ ರೈತರಿಗಾಗಿ ರೂಪುಗೊಂಡದ್ದು. ಕಾಲುವೆಯ ಕೊನೆಯಲ್ಲಿರುವವನು ಕಾಗದದಲ್ಲಿ ನೀರಾವರಿದಾರ, ಹೊಲದಲ್ಲಿ ಮಳೆಯನ್ನೇ ನಂಬಿದವನು. ಈ ಅಂತರವನ್ನು ತುಂಬುವ ಯೋಜನೆ ಬೇಕೆಂದು ಗ್ರಾಮಸಭೆಯಲ್ಲಿ ಲಿಖಿತವಾಗಿ ದಾಖಲಿಸಬೇಕು. ಬಾಯಿಮಾತು ನಡಾವಳಿ ಪುಸ್ತಕಕ್ಕೆ ಏರುವುದಿಲ್ಲ.

ಬಸಿಗಾಲುವೆಯಂತೂ ಒಬ್ಬನ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ನನ್ನ ಹೊಲದ ಉಪ್ಪುನೀರು ಪಕ್ಕದವನ ಹೊಲ ಸೇರಕೂಡದು, ಹಳ್ಳಕ್ಕೆ ಹೋಗಬೇಕು. ಆದ್ದರಿಂದ ನೀರು ಬಳಕೆದಾರರ ಸಹಕಾರ ಸಂಘದಲ್ಲಿ ಠರಾವು ಮಾಡಿ, ಸರ್ವೆ ನಂಬರುಗಳನ್ನೂ ಮಣ್ಣು ಚೀಟಿಗಳನ್ನೂ ಲಗತ್ತಿಸಿ, ಮುನಿರಾಬಾದಿನ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ತಾಂತ್ರಿಕ ಸಲಹೆಗೆ ಸವಳು ಮಣ್ಣಿನ ಮೇಲೆ ಕೆಲಸ ಮಾಡಿರುವ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವಿದೆ. ಇಳಿಜಾರಿನ ಮಣ್ಣು ಹಿಡಿಯಬೇಕಾದ ನೀವು ಹೋಗಬೇಕಾದದ್ದು ಜಲಾನಯನ ಅಭಿವೃದ್ಧಿ ಇಲಾಖೆಗೆ. ಅಲ್ಲಿಯೂ ಒಂದು ಹೊಲವನ್ನಲ್ಲ, ಒಂದು ಹಳ್ಳದ ಇಡೀ ಮಡಿಲನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅರ್ಜಿಯ ಪ್ರತಿಗೆ ದಿನಾಂಕದೊಡನೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಮನೆಗೆ ಮರಳಿರಿ.